ನಿತ್ಯಸಾಧನೆ

ಹೊಸ ವರ್ಷದ ಮೊದಲ ವಾರದಲ್ಲಿ ಜಯನಗರದ ಉದ್ಯಾನಗಳು ಮುಂಜಾನೆಯೇ ಜನರಿಂದ ತುಂಬಿರುತ್ತವೆ. ಯುಗಾದಿಯ ವೇಳೆಗೆ ಉಳಿಯುವವರು ಕೆಲವರೇ. ಬಂದವರೆಲ್ಲರ ಮನಸ್ಸಿನಲ್ಲಿಯೂ ಆರೋಗ್ಯವಂತ ದೇಹದ ಚಿತ್ರವೊಂದು ಇದ್ದೇ ಇರುತ್ತದೆ. ಆದರೆ ನಕ್ಷೆ ಬರೆದ ಮಾತ್ರಕ್ಕೆ ಮನೆ ಏಳುವುದಿಲ್ಲ. ದಿನವೂ ಒಂದೊಂದು ಸಾಲು ಇಟ್ಟಿಗೆ ಇಡಬೇಕು.

1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಜನಿಸಿ, ಬಾಲ್ಯದಲ್ಲಿಯೇ ಬೆಂಗಳೂರಿಗೆ ಬಂದ ಬಿ. ಕೆ. ಎಸ್. ಅಯ್ಯಂಗಾರ್ ಅವರ ಬಾಳು ಇದಕ್ಕೆ ನಿದರ್ಶನ. ಮಲೇರಿಯಾ, ವಿಷಮಶೀತಜ್ವರ, ಕ್ಷಯರೋಗಗಳು ಎಳೆಯ ದೇಹವನ್ನು ಹಿಂಡಿಹಾಕಿದ್ದವು. 1934ರಲ್ಲಿ ಮೈಸೂರಿಗೆ ಹೋಗಿ, ಭಾವನವರಾದ ಕೃಷ್ಣಮಾಚಾರ್ಯರಲ್ಲಿ ಯೋಗ ಕಲಿಯತೊಡಗಿದಾಗ ಬಿಗಿದ ಮೈ ಸುಲಭವಾಗಿ ಬಾಗುತ್ತಿರಲಿಲ್ಲ. ಅವರು ಅಭ್ಯಾಸವನ್ನು ಬಿಡಲಿಲ್ಲ. ಪಾದ ಎಲ್ಲಿದೆ, ಮಂಡಿ ಹೇಗಿದೆ, ಬೆನ್ನು ನೆಟ್ಟಗಿದೆಯೇ ಎಂಬುದನ್ನು ಮನಸ್ಸಿನ ಕಣ್ಣಿನಿಂದ ಕಾಣುತ್ತ ಆಸನ ಹಾಕುವುದು ಮುಂದೆ ಅವರ ಪದ್ಧತಿಯ ವೈಶಿಷ್ಟ್ಯವೇ ಆಯಿತು. 1966ರಲ್ಲಿ ಪ್ರಕಟವಾದ ‘ಲೈಟ್ ಆನ್ ಯೋಗ’ ಅದನ್ನು ಜಗತ್ತಿಗೆ ಪರಿಚಯಿಸಿತು. ರೋಗಪೀಡಿತನಾಗಿದ್ದ ಆ ಬಾಲಕ, ತೊಂಬತ್ತು ದಾಟಿದ ಮೇಲೂ ನಿತ್ಯಾಭ್ಯಾಸ ನಡೆಸಿ, 2014ರಲ್ಲಿ 95ನೆಯ ವಯಸ್ಸಿನಲ್ಲಿ ಕಾಲವಾದರು.

ಯುಗಾದಿ ಕಳೆದ ಮೇಲೂ ಉದ್ಯಾನಕ್ಕೆ ಬರುವ ಆ ಕೆಲವರಿಗೆ ಈ ಗುಟ್ಟು ತಿಳಿದಿದೆ. ನಾಳೆಯ ದೇಹವನ್ನು ಮನಸ್ಸು ಕಾಣಬೇಕು. ಬೇಸರವಾದ ದಿನವೂ ಕಾಲು ಅತ್ತ ಒಂದು ಹೆಜ್ಜೆ ಇಡಬೇಕು.