ದೇವರಿಗೂ ಬೇಡ, ಜಡೆಗೂ ಬೇಡ

ನಮ್ಮ ಹಿತ್ತಿಲಿನ ಹೂಗಳಲ್ಲೂ ಪಂಕ್ತಿಭೇದ ಉಂಟು. ಮಲ್ಲಿಗೆ, ಸೇವಂತಿಗೆಗೆ ಜಡೆ. ಪಾರಿಜಾತ, ದಾಸವಾಳಕ್ಕೆ ದೇವರ ತಲೆ. ಬೆಳಗಾಗುತ್ತಲೇ ಬುಟ್ಟಿ ಹಿಡಿದು ಹೊರಟವರು ಕುಂಬಳದ ಬಳ್ಳಿಯನ್ನು ದಾಟಿಕೊಂಡೇ ಹೋಗುತ್ತಾರೆ. ಅಂಗೈಯಗಲದ, ಅಪ್ಪಟ ಅರಿಸಿನದ ಬಣ್ಣದ ಹೂ. ದೀಪಾವಳಿಯಲ್ಲಿ ಕೆಲವು ಕಡೆ ಸಗಣಿಯುಂಡೆಗೆ ಸಿಕ್ಕಿಸುವುದನ್ನು ಬಿಟ್ಟರೆ ಅದನ್ನು ಕೇಳುವವರಿಲ್ಲ. ಅಡುಗೆಮನೆಯ ಪುಣ್ಯ!

ಮೊದಲ ಸಲ ಬಳ್ಳಿ ಹಬ್ಬಿಸಿದವರು ಗೊಣಗುವುದುಂಟು: ‘ಬರೀ ಹೂವು, ಒಂದು ಕಾಯಿ ಕಚ್ಚಲಿಲ್ಲ.’ ಕುಂಬಳ ಮೊದಲು ಬಿಡುವುದೇ ಗಂಡು ಹೂ. ಸಪೂರ ತೊಟ್ಟಿನ ಮೇಲೆ ನೆಟ್ಟಗೆ ನಿಂತದ್ದು ಗಂಡು. ಬುಡದಲ್ಲಿ ಗೋಲಿಯಷ್ಟು ಮಿಡಿ ಹೊತ್ತು ಬಂದದ್ದು ಹೆಣ್ಣು. ಕೊಯ್ಯಬೇಕಾದದ್ದು ಗಂಡನ್ನು, ಅದೂ ನಾಲ್ಕಾರನ್ನು ಜೇನಿಗೆ ಬಿಟ್ಟು. ಎಲ್ಲವನ್ನೂ ಬಳಿದುಕೊಂಡು ಬಂದರೆ ಮಿಡಿ ಹಳದಿಯಾಗಿ ಉದುರುತ್ತದೆ. ನಸುಕಿನಲ್ಲಿ ಅರಳಿದ ಹೂ ಮಧ್ಯಾಹ್ನದೊಳಗೆ ಮುದುಡುತ್ತದೆ, ಮರುದಿನ ಮತ್ತೆ ಬಿಚ್ಚುವುದಿಲ್ಲ. ಜೇನು ಬಂದು ಹೋದ ಮೇಲೆ, ಬಿಸಿಲು ಬಲಿಯುವ ಮುಂಚೆ ಕೊಯ್ದರೆ ಇಬ್ಬರಿಗೂ ನ್ಯಾಯ.

ಹೂವನ್ನು ಬಗ್ಗಿಸಿ ತಟ್ಟಿದರೆ ಒಳಗಿಂದ ಒಂದೆರಡು ಇರುವೆ ಉದುರಿಯೇ ಉದುರುತ್ತವೆ. ನಡುವಿನ ಕೇಸರವನ್ನು ಚಿವುಟಿ ತೆಗೆಯಬೇಕು. ಬೆರಳ ತುದಿಗೆಲ್ಲ ಹಳದಿ ಪುಡಿ. ಕಡಲೆಹಿಟ್ಟಿಗೆ ಒಂದಿಷ್ಟು ಅಕ್ಕಿಹಿಟ್ಟು, ಉಪ್ಪು, ಖಾರ, ಅಂಗೈಯಲ್ಲಿ ತಿಕ್ಕಿದ ಓಮ ಹಾಕಿ ತೆಳ್ಳಗೆ ಕಲಸಿ, ಅದರಲ್ಲಿ ಅದ್ದಿ ಎಣ್ಣೆಗೆ ಬಿಟ್ಟರೆ ಎಸಳು ಗರಿಗರಿ, ಬುಡ ಮೆತ್ತಗೆ. ಹಿಟ್ಟು ದಪ್ಪವಾಯಿತೋ, ತಿನ್ನುವುದು ಹಿಟ್ಟನ್ನೇ.

ಈಗ ದೊಡ್ಡ ಹೋಟೆಲುಗಳಲ್ಲಿ ತಟ್ಟೆಯ ಮೂಲೆಗೊಂದು ಎಸಳು ಇಟ್ಟು ತರುವ ಶೋಕಿ. ಶಂಖಪುಷ್ಪದ ನೀಲಿ ಚಹಾಕ್ಕೆ ನಿಂಬೆ ಹಿಂಡಿ, ಅದು ನೇರಳೆಗೆ ತಿರುಗುವುದನ್ನು ಫೋನಿನಲ್ಲಿ ಹಿಡಿಯುವವರೂ ಇದ್ದಾರೆ. ನೋಡಲು ಚಂದವೇ, ರುಚಿ ಮಾತ್ರ ಬಿಸಿನೀರಿನದು. ನಮ್ಮ ಅಡುಗೆ ಹೂವಿನ ಚಂದ ಉಳಿಸುವ ಗೋಜಿಗೇ ಹೋದದ್ದಲ್ಲ. ಬಾಳೆಹೂವಿನ ಒಂದೊಂದೇ ಎಳೆಯಿಂದ ಗಟ್ಟಿ ಕಡ್ಡಿಯನ್ನು ಎಳೆದು ತೆಗೆದು, ಹೆಚ್ಚಿ, ಕಪ್ಪಾಗದಂತೆ ಮಜ್ಜಿಗೆ ನೀರಿನಲ್ಲಿ ಮುಳುಗಿಸಿಟ್ಟು, ಅರ್ಧ ದಿನ ಕಳೆದು, ಕೊನೆಗೆ ಮಾಡುವುದು ಒಂದು ಪಲ್ಯ. ಕೈಗೆ ಎಣ್ಣೆ ಸವರಿಕೊಳ್ಳದಿದ್ದರೆ ಬೆರಳ ಕಲೆ ಎರಡು ದಿನ ಬಿಡದು.

ದಾಸವಾಳದ ತಂಬುಳಿಯಂತೂ ದೇವರ ಪಾಲಿನಿಂದ ಕದ್ದದ್ದೇ. ಐದೆಸಳಿನ ಕೆಂಪು ಹೂವನ್ನು ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಹಾಕಿ ರುಬ್ಬಿ, ಮಜ್ಜಿಗೆಗೆ ಕಲಸುವುದು. ಆ ಕೆಂಪು ಎಲ್ಲೋ ಹೋಗಿ ಮಾಸಲು ಬಣ್ಣ ಬರುತ್ತದೆ, ಚೂರು ಲೋಳೆಯೂ ಉಂಟು. ಅನ್ನಕ್ಕೆ ಕಲಸಿದ ಮೇಲೆ ಯಾರೂ ಬಣ್ಣದ ಮಾತೆತ್ತುವುದಿಲ್ಲ.

ಹಾಗೆಂದು ಕಂಡ ಹೂವನ್ನೆಲ್ಲ ಬಾಣಲೆಗೆ ಹಾಕುವಂತಿಲ್ಲ. ಪೇಟೆಯಲ್ಲಿ ಮೊಳದ ಲೆಕ್ಕದಲ್ಲಿ ಕೊಂಡ ಹೂವಿಗೆ ಯಾವ ಔಷಧಿ ಹೊಡೆದಿದ್ದಾರೋ, ಎಷ್ಟು ಸಲವೋ. ಇನ್ನು ಬೇಲಿಯ ಕಣಗಿಲೆ, ದತ್ತೂರಿ ಎರಡೂ ನೇರ ವಿಷ. ದಿನವೂ ಶಿವನ ತಲೆಯೇರುತ್ತವಲ್ಲ ಎನ್ನಬೇಡಿ. ಹಾಲಾಹಲ ಕುಡಿದವನಿಗೆ ಅವು ಯಾವ ಲೆಕ್ಕ!