ನೋಡಿಕೊಳ್ಳುವವರು ಯಾರು?

ನಮ್ಮ ಮನೆಗಳಲ್ಲಿ ಯಾರಿಗಾದರೂ ಕಣ್ಣೋ ಕಾಲೋ ಹೋಯಿತೆಂದರೆ ಮೊದಲು ಏಳುವ ಪ್ರಶ್ನೆ ಒಂದೇ: ಇನ್ನು ಇವರನ್ನು ನೋಡಿಕೊಳ್ಳುವವರು ಯಾರು? ಕೇಳುವವರ ಮನಸ್ಸಿನಲ್ಲಿ ಪ್ರೀತಿಯೇ ಇರುತ್ತದೆ, ಸಂಶಯವಿಲ್ಲ. ಊರಿನಲ್ಲಾದರೆ ಅದಕ್ಕೆ ಉತ್ತರವೂ ಸಿದ್ಧವಾಗಿರುತ್ತಿತ್ತು. ತುಂಬಿದ ಮನೆ, ಅಣ್ಣತಮ್ಮಂದಿರ ಮಕ್ಕಳು, ಪಡಸಾಲೆಯಲ್ಲೊಂದು ಹಾಸಿಗೆ, ಹೊತ್ತಿಗೆ ಸರಿಯಾಗಿ ಒಂದು ತಾಟು. ಹೊಟ್ಟೆಪಾಡಿಗೆಂದು ಮುಂಬಯಿಗೆ ಬಂದು ಒಂದೂವರೆ ಖೋಲಿಯಲ್ಲಿ ಸಂಸಾರ ಹೂಡಿದ ನಮಗೆ ಆ ಉತ್ತರ ಒದಗುವುದಿಲ್ಲ. ಒದಗಿದರೂ ಅದು ಸರಿಯಾದ ಉತ್ತರವೇ ಎಂದು ವಿಚಾರ ಮಾಡಬೇಕು.

ನನ್ನ ಸೋದರತ್ತೆಯ ಮಗ ಡೊಂಬಿವಲಿಯಲ್ಲಿದ್ದಾರೆ. ನನಗಿಂತ ಹಿರಿಯರು, ನಾನು ಭಾವ ಎಂದೇ ಕರೆಯುವುದು. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದಾಗ, 2003ರಲ್ಲಿ, ಅಕ್ಷಿಪಟಲದ ರೋಗದಿಂದ ಅವರ ದೃಷ್ಟಿ ಪೂರ್ತಿ ಹೋಯಿತು. ಆಗ ಅವರಿಗೆ 34 ವರ್ಷ. ತಾವಾಗಿಯೇ ನಿವೃತ್ತಿ ಪಡೆದರೆ ಒಳಿತೆಂದು ಮೇಲಧಿಕಾರಿಯೊಬ್ಬರು ಸೂಚಿಸಿದರು. ಆದರೆ ನೌಕರಿಯಲ್ಲಿರುವಾಗ ಅಂಗವಿಕಲರಾದವರನ್ನು ಕೆಲಸದಿಂದ ತೆಗೆಯಬಾರದೆಂದು 1995ರ ಕಾಯಿದೆಯ 47ನೆಯ ಕಲಂ ಹೇಳುತ್ತಿತ್ತು. ಅದನ್ನು ಬಲ್ಲವರೊಬ್ಬರು ಅರ್ಜಿ ಬರೆದುಕೊಟ್ಟರು; ನೌಕರಿ ಉಳಿಯಿತು. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಕಂಪ್ಯೂಟರಿನ ಮುಂದೆ ಕುಳಿತು ಅವರು ಇಂದಿಗೂ ಅದೇ ಬ್ಯಾಂಕಿನಲ್ಲಿ ದುಡಿಯುತ್ತಾರೆ.

ಎರಡು ವರ್ಷಗಳ ಹಿಂದೆ ಅತ್ತೆ ತೀರಿಕೊಂಡರು. ಹದಿಮೂರನೆಯ ದಿನ ಊಟವಾದ ಮೇಲೆ, ಗದಗಿನಿಂದ ಬಂದಿದ್ದ ನಮ್ಮ ಕಾಕಾ ಮಾತು ತೆಗೆದರು: “ಈ ಮನಿ ಮಾರಿ ಊರಿಗೆ ಬಂದುಬಿಡು. ಇಲ್ಲಿ ನಿನ್ನ ನೋಡಿಕೊಳ್ಳೋರು ಯಾರಪಾ?” ಭಾವ ಸಾವಕಾಶವಾಗಿ ಹೇಳಿದರು: “ಮಾಮಾ, ನನ್ನ ಯಾರೂ ನೋಡಿಕೊಳ್ಳೋದು ಬ್ಯಾಡ. ಕೇಳಿದಾಗ ಹೇಳಿದ್ರ ಸಾಕು.” ಕೆಲವರಿಗೆ ಅದು ಸೊಕ್ಕಿನ ಮಾತೆನಿಸಿತು. ಭಾವ ಮಾತ್ರ ಡೊಂಬಿವಲಿ ಬಿಡಲಿಲ್ಲ.

ಅವರ ಈ ಧೈರ್ಯದ ಹಿಂದೆ ಕಲಿಕೆಯಿದೆ. ಬಿಳಿ ಕೋಲು ಹಿಡಿದು ನಡೆಯುವುದೂ ಒಂದು ವಿದ್ಯೆಯೇ: ಬಲಗಾಲು ಮುಂದಿಟ್ಟಾಗ ಕೋಲಿನ ತುದಿ ಎಡಕ್ಕೆ ತಾಗಬೇಕು, ಎಡಗಾಲಿಗೆ ಬಲಕ್ಕೆ. ಮುಂದಿನ ಹೆಜ್ಜೆಯ ಜಾಗವನ್ನು ಕೋಲು ಮೊದಲೇ ತಡವಿ ನೋಡಿರುತ್ತದೆ. ಬ್ರೈಲ್ ಕಲಿಸಿದವರು ಮರಾಠಿ ಶಿಕ್ಷಕರು. 1951ರಲ್ಲಿ ರೂಪುಗೊಂಡ ಭಾರತಿ ಬ್ರೈಲ್‌ನಲ್ಲಿ ಮರಾಠಿಯ ‘ಕ’ಕ್ಕೂ ಕನ್ನಡದ ‘ಕ’ಕ್ಕೂ ಅವೇ ಎರಡು ಚುಕ್ಕಿಗಳು. ಹೀಗಾಗಿ ಮರಾಠಿಯಲ್ಲಿ ಪಳಗಿದ ಬೆರಳು ಕನ್ನಡವನ್ನೂ ಓದಿತು. ಅಂಧರಿಗಾಗಿ ಕೆಲಸ ಮಾಡುವ ನ್ಯಾಷನಲ್ ಅಸೋಸಿಯೇಷನ್ ಫಾರ್ ದಿ ಬ್ಲೈಂಡ್ 1952ರಲ್ಲಿ ಹುಟ್ಟಿದ್ದು ನಮ್ಮ ಮುಂಬಯಿಯಲ್ಲೇ ಎಂಬುದು ನಮ್ಮವರಲ್ಲಿ ಎಷ್ಟೋ ಜನಕ್ಕೆ ತಿಳಿಯದು.

ಅವರ ದಿನಚರಿ ನಮ್ಮದರಂತೆಯೇ. ಉಪ್ಪಿಗೆ ದುಂಡು ಡಬ್ಬಿ, ಸಕ್ಕರೆಗೆ ಚೌಕ ಡಬ್ಬಿ. ಅನ್ನದ ಲೆಕ್ಕ ಕುಕ್ಕರಿನ ಸೀಟಿಯಿಂದ. ಸ್ಟೇಷನ್ನಿನಲ್ಲಿ ಅಂಗವಿಕಲರ ಡಬ್ಬಿ ನಿಲ್ಲುವ ಕಡೆ ಬೀಪ್ ಬೀಪ್ ಎನ್ನುವ ಒಂದು ಪೆಟ್ಟಿಗೆ ಇರುತ್ತದೆ. ಆ ಸದ್ದು ಹಿಡಿದು ಹೋಗಿ ನಿಲ್ಲುತ್ತಾರೆ. ನಮಗೆ ಅದು ಗದ್ದಲದಲ್ಲಿ ಇನ್ನೊಂದು ಗದ್ದಲ, ಅವರಿಗೆ ಅದೇ ದಾರಿ. ನೂರರ ನೋಟಿನಲ್ಲಿ ಉಬ್ಬಿದ ತ್ರಿಕೋನ, ಐನೂರರದರಲ್ಲಿ ವೃತ್ತ. ನೋಟು ಸವೆದು ಬೆರಳಿಗೆ ತಿಳಿಯದಿದ್ದರೆ, ರಿಸರ್ವ್ ಬ್ಯಾಂಕು 2020ರಲ್ಲಿ ಹೊರತಂದ ‘ಮಣಿ’ ಎಂಬ ಆ್ಯಪ್ ಮೊಬೈಲಿನಲ್ಲಿ ಮೌಲ್ಯವನ್ನು ಹೇಳುತ್ತದೆ. ಭಾನುವಾರ ಒಬ್ಬ ಹುಡುಗ ಬಂದು ಎರಡು ತಾಸು ಪತ್ರ, ಬಿಲ್ಲುಗಳನ್ನು ಓದಿಹೇಳುತ್ತಾನೆ. ಅವನಿಗೆ ಸಂಬಳ ಕೊಡುವವರು ಭಾವ. ಯಾವುದನ್ನು ಓದಬೇಕು, ಯಾವುದನ್ನು ಮಡಚಿಡಬೇಕು ಎಂದು ಹೇಳುವವರೂ ಅವರೇ.

ಇದನ್ನು ಕಂಡವರು “ಯಾರ ಹಂಗೂ ಇಲ್ಲದೆ ಇದ್ದಾರೆ” ಎಂದು ಹೊಗಳುತ್ತಾರೆ. ಅಷ್ಟು ಸರಿಯಲ್ಲ. ಹಾಲಿನವನು, ಇಸ್ತ್ರಿಯವನು, ಡಬ್ಬೆವಾಲ ಇಲ್ಲದೆ ನಮ್ಮಲ್ಲಿ ಯಾರ ದಿನ ಸಾಗುತ್ತದೆ? ಆದರೂ ನಮ್ಮನ್ನು ಯಾರೂ ಪರಾವಲಂಬಿಗಳೆನ್ನುವುದಿಲ್ಲ, ಏಕೆಂದರೆ ಏನು ಬೇಕು, ಯಾವಾಗ ಬೇಕು ಎಂದು ಹೇಳುವವರು ನಾವು. ಆ ಹೇಳುವ ಅಧಿಕಾರವನ್ನು ಇನ್ನೊಬ್ಬರ ಕೈಗೆ ಕೊಟ್ಟು, ಹೊತ್ತಿಗೆ ಬಂದ ತಾಟಿನ ಮುಂದೆ ಕೂಡುವುದಷ್ಟೇ ಭಾವನಿಗೆ ಬೇಡವಾಗಿತ್ತು.

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 5ನೆಯ ಕಲಮಿನಲ್ಲಿ ಇದೇ ಮಾತಿದೆ. ಸಮುದಾಯದ ನಡುವೆ ಬಾಳುವುದು ಅವರ ಹಕ್ಕು. ಇಂಥ ಕಡೆಯೇ, ಇಂಥವರ ಜೊತೆಯೇ ಇರಬೇಕೆಂಬ ಕಟ್ಟುಪಾಡು ಬೀಳದಂತೆ, ಬೇಕಾದ ಸಹಾಯಕರು ಸಿಗುವಂತೆ ಸರಕಾರ ಯತ್ನಿಸಬೇಕು. ಯತ್ನಿಸಬೇಕು ಎಂದಿದೆ, ಅಷ್ಟೆ. ಭಾವನಿಗೆ ಸಂಬಳವಿದೆ, ಆದ್ದರಿಂದ ಹುಡುಗ ಬರುತ್ತಾನೆ. ಸಂಬಳವಿಲ್ಲದವರು ಏನು ಮಾಡಬೇಕು? ಅವರ ಪಾಲಿಗೆ ಮನೆಯವರ ದಯೆಯೇ ಇಂದಿಗೂ ಕಾಯಿದೆ.

ಹಾಗೆಂದು ಇದು ಹೊರಗಿನಿಂದ ಬಂದ ವಿಚಾರವೇನೂ ಅಲ್ಲ. ಕಾಕಾನ ಗದಗಿನಲ್ಲೇ ವೀರೇಶ್ವರ ಪುಣ್ಯಾಶ್ರಮವಿದೆ. ತಾವೇ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು, ಅವರ ತರುವಾಯ ಪುಟ್ಟರಾಜ ಗವಾಯಿಗಳು, ಕಣ್ಣಿಲ್ಲದ ಮಕ್ಕಳಿಗೆ ಅನ್ನದ ಜೊತೆಗೆ ಸಂಗೀತವನ್ನೂ ಕೊಟ್ಟರು. ಅನ್ನ ಆ ಹೊತ್ತಿಗಾಯಿತು. ವಿದ್ಯೆ ಕೈಗೆ ಬಂದವನು ಎಲ್ಲಿಯಾದರೂ ಹೋಗಿ ಬದುಕಿಕೊಂಡ.

ಕಾನೂನು, ಸರಕಾರಗಳ ಮಾತು ಒಂದು ಕಡೆಗಿರಲಿ. ನಮ್ಮ ಸಂಘಗಳ ಕೈಲಾಗುವ ಕೆಲಸಗಳೂ ಇವೆ. ಎಷ್ಟೋ ಸಭಾಗೃಹಗಳು ಮಾಳಿಗೆಯ ಮೇಲಿವೆ. ಮೆಟ್ಟಿಲಿಗೆ ಎರಡೂ ಬದಿ ಕಂಬಿ ಹಾಕಿಸಲು ದೊಡ್ಡ ನಿಧಿ ಬೇಕಿಲ್ಲ. ಗಾಲಿ ಕುರ್ಚಿಯವರು ಬರುವಂತಿದ್ದರೆ ಕಾರ್ಯಕ್ರಮವನ್ನು ನೆಲಮಾಳಿಗೆಯಿರದ, ಮೆಟ್ಟಿಲಿರದ ಜಾಗದಲ್ಲಿ ಇಡಬಹುದು. ಆಮಂತ್ರಣ ಪತ್ರಿಕೆ ಓದಲಾರದವರಿಗೆ ಒಂದು ಫೋನು ಮಾಡಬಹುದು. ಕಣ್ಣಿಲ್ಲದವರ ಕೈ ಹಿಡಿದು ಎಳೆಯದೆ, ನಮ್ಮ ಮೊಣಕೈ ಕೊಟ್ಟು ಅರ್ಧ ಹೆಜ್ಜೆ ಮುಂದೆ ನಡೆಯಬಹುದು. ಇನ್ನೊಂದು ಸಣ್ಣ ವಿನಂತಿ: ಭೆಟ್ಟಿಯಾದಾಗ “ನಾನು ಯಾರು ಹೇಳಿ ನೋಡೋಣ?” ಎಂದು ಪರೀಕ್ಷೆ ಮಾಡುವುದು ಬೇಡ. ಮೊದಲು ನಮ್ಮ ಹೆಸರು ಹೇಳೋಣ, ಆಮೇಲೆ ಕುಶಲ ಕೇಳೋಣ.