ಮೂರನೆಯ ಹಸಿರು ದೀಪ

ಮಾದನಾಯಕನಹಳ್ಳಿಯಿಂದ ಪೀಣ್ಯಕ್ಕೆ ದಿನವೂ ಹೋಗಿಬರುವುದರಲ್ಲಿಯೇ ನನ್ನ ಬಾಳಿನ ಇಪ್ಪತ್ತಾರು ವರ್ಷಗಳು ಸಂದಿವೆ. ಹೈಡ್ರಾಲಿಕ್ ಸಿಲಿಂಡರುಗಳ ತಪಾಸಣೆ ನನ್ನ ಕಾಯಕ. ಎಣ್ಣೆಯ ಒತ್ತಡದಿಂದ ಭಾರವನ್ನು ಎತ್ತಿ ಇಳಿಸುವ ಈ ಸಾಧನ ಯಂತ್ರದೊಳಗೆ ಸೇರಿತೆಂದರೆ ಮತ್ತೆ ಯಾರ ಕಣ್ಣಿಗೂ ಬೀಳದು. ಕೈಕೊಟ್ಟ ದಿನ ಮಾತ್ರ ಎಲ್ಲರಿಗೂ ನೆನಪಾಗುತ್ತದೆ.

2023ರ ಜುಲೈ 11ರ ಘಟನೆಯನ್ನು ಮನೆಮಂದಿಯೆಲ್ಲ ಟಿ.ವಿ.ಯಲ್ಲಿ ನೋಡಿದೆವು. ಬೆಂಗಳೂರಿನ ಎಚ್.ಎ.ಎಲ್. ವಿಮಾನ ನಿಲ್ದಾಣದಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಹೊರಟಿದ್ದ ಪ್ರೀಮಿಯರ್ 1ಎ ಎಂಬ ಸಣ್ಣ ಖಾಸಗಿ ಜೆಟ್ ವಿಮಾನವು ಮುಂದಿನ ಚಕ್ರದ ದೋಷದಿಂದ ಹಿಂದಿರುಗಿತ್ತು. ಆ ಚಕ್ರ ಒಳಗೇ ಉಳಿದಿರಲು, ವಿಮಾನ ಹಿಂಬದಿಯ ಚಕ್ರಗಳ ಮೇಲೆ ಇಳಿದು, ಮೂತಿಯನ್ನು ನೆಲಕ್ಕೆ ಉಜ್ಜುತ್ತ ನಿಂತಿತು. ಒಳಗಿದ್ದವರು ಇಬ್ಬರು ಚಾಲಕರು ಮಾತ್ರ, ಇಬ್ಬರೂ ಸುರಕ್ಷಿತರಾಗಿದ್ದರು.

ಪಿ.ಯು.ಸಿ. ಮುಗಿಸಿದ್ದ ನನ್ನ ಮಗಳು ವಿಮಾನ ನಡೆಸಲು ಕಲಿಯುವೆನೆಂದು ಹಟ ಹಿಡಿದಿದ್ದ ಕಾಲವದು. ನನ್ನ ತಾಯಿ ಗಾಬರಿಯಿಂದ, "ನೋಡಿದೆಯೇನಪ್ಪಾ? ಇದಕ್ಕೇನಾ ಮಗೂನ ಕಳಿಸೋದು?" ಎಂದರು.

ಮಗಳು ಹೆದರಲಿಲ್ಲ. "ಅಜ್ಜಿ, ಚಕ್ರಗಳು ಇಳಿದು ಬಿಗಿಯಾಗಿ ನಿಂತರೆ ಚಾಲಕರ ಮುಂದೆ ಮೂರು ಹಸಿರು ದೀಪ ಹತ್ತುತ್ತವೆ. ಒಂದು ಹತ್ತದಿದ್ದರೂ ಅವಸರದಿಂದ ಇಳಿಯೋದಿಲ್ಲ. ಒತ್ತಡ ಕೈಕೊಟ್ಟರೆ ಚಕ್ರ ಇಳಿಸೋಕೆ ಬೇರೆ ಉಪಾಯ ಇರುತ್ತೆ. ಅದೂ ಆಗದಿದ್ದರೆ ಹಿಂದಿನ ಚಕ್ರಗಳ ಮೇಲೆ ಇಳಿದು, ವೇಗ ಕುಗ್ಗುವವರೆಗೂ ಮೂತಿಯನ್ನು ಎತ್ತಿ ಹಿಡಿದಿರ್ತಾರೆ" ಎಂದು ವಿವರಿಸಿದಳು. 2005ರಲ್ಲಿ ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಮುಂದಿನ ಚಕ್ರ ಅಡ್ಡಲಾಗಿ ತಿರುಗಿದ್ದ ದೊಡ್ಡ ವಿಮಾನವೊಂದು ಇಂಧನ ಕಳೆಯಲು ಗಂಟೆಗಟ್ಟಲೆ ಸುತ್ತಿ, ಎಲ್ಲರನ್ನೂ ಕ್ಷೇಮವಾಗಿ ಇಳಿಸಿದ್ದನ್ನೂ ಹೇಳಿದಳು.

ನಾನು ಮಾತ್ರ ಮೌನವಾಗಿದ್ದೆ. ಬಹಳ ವರ್ಷಗಳಿಂದ ಮನೆಯಲ್ಲಿ ಹೇಳದ ಮಾತೊಂದು ಎದೆಯನ್ನು ಒತ್ತುತ್ತಿತ್ತು. ಹಬ್ಬದ ಮುನ್ನಾದಿನ ಬಸ್ಸು ತಪ್ಪೀತೆಂಬ ಆತುರದಲ್ಲಿ, ಸಿಲಿಂಡರೊಂದನ್ನು ನಿಗದಿತ ಹೊತ್ತು ಒತ್ತಡದಲ್ಲಿ ನಿಲ್ಲಿಸಿ ನೋಡದೆಯೇ ನಾನು ಸಹಿ ಹಾಕಿದ್ದೆ. ಕೊಂಡವರ ಕಾರ್ಖಾನೆಯಲ್ಲಿ ಅದು ಎಣ್ಣೆ ಸೋರಿ, ಎತ್ತಿದ್ದ ಭಾರ ಜಾರಿ ಬಿದ್ದಿತು. ಕೆಲಸಗಾರನೊಬ್ಬ ಅದೇ ತಾನೇ ಕೈ ಹಿಂದೆಗೆದಿದ್ದ. ಆತನ ಕೈ ಉಳಿದದ್ದು ನನ್ನ ಜಾಣತನದಿಂದಲ್ಲ.

ಅಂದು ರಾತ್ರಿ ಅದನ್ನು ಮಗಳಿಗೆ ಹೇಳಿಬಿಟ್ಟೆ. "ನನ್ನಂಥವನೊಬ್ಬ ಸಹಿ ಹಾಕಿದ ಯಂತ್ರದಲ್ಲಿ ನೀನು ಹಾರಬೇಕಲ್ಲ, ಅದೇ ನನ್ನ ಭಯ" ಎಂದೆ.

ಅವಳು ತುಸು ಹೊತ್ತು ಸುಮ್ಮನಿದ್ದು, "ಆಮೇಲೆ ಯಾವತ್ತಾದರೂ ಹಾಗೆ ಮಾಡಿದೀರಾ ಅಪ್ಪಾಜಿ?" ಎಂದು ಕೇಳಿದಳು.

"ಇಲ್ಲ, ಮಗಳೇ."

"ಹಾಗಾದರೆ ನಿಮ್ಮಂಥವರು ಸಹಿ ಹಾಕಿದ್ದರಲ್ಲೇ ಹಾರ್ತೀನಿ."

ಹೊರಗೆ ನಿಂತ ನಮಗೆ ಆ ಚಾಲಕರ ಧೈರ್ಯವಷ್ಟೇ ಕಾಣುತ್ತದೆ. ಆದರೆ ಒಂದು ಚಕ್ರ ಸೋತಾಗ ಭಾರ ಹೊತ್ತ ಉಳಿದ ಚಕ್ರಗಳನ್ನು ಯಾರೋ ಒಬ್ಬರು ಗಡಿಯಾರ ನೋಡದೆ ಪರೀಕ್ಷಿಸಿದ್ದರು. ಅವರ ಹೆಸರು ಯಾವ ಪತ್ರಿಕೆಯಲ್ಲಿಯೂ ಬರಲಿಲ್ಲ.

ಮರುದಿನ ಮಗಳ ಅರ್ಜಿಗೆ ನಾನು ಸಹಿ ಹಾಕಿದೆ. ಅನಂತರ ಪೀಣ್ಯಕ್ಕೆ ಹೋಗಿ, ಮೊದಲ ಸಿಲಿಂಡರಿಗೆ ಒತ್ತಡ ಕೊಟ್ಟು, ಮಾಪಕದ ಮುಳ್ಳನ್ನು ನೋಡುತ್ತ ನಿಂತೆ. ಹೊತ್ತು ಪೂರ್ತಿಯಾಗುವವರೆಗೂ ನಿಂತೇ ಇದ್ದೆ.